ಕೊಯ್ಲಾದ ಹೊಲದಲ್ಲಿ ಎಟಿವಿ ಸವಾರಿ: ಉದ್ಯಮಿಯೂ ರೈತನೂ ಅರಿಯಬೇಕಾದ ಲೆಕ್ಕ

ಕಾರ್ಖಾನೆಯ ಕಾಂಪೌಂಡು ಮುಗಿದಲ್ಲಿ ರಾಗಿ ಹೊಲ ಆರಂಭವಾಗುವ ದೃಶ್ಯ ಬೆಂಗಳೂರಿನ ಹೊರವಲಯದಲ್ಲಿ ಇಂದಿಗೂ ಅಪರೂಪವೇನಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆಗೆ, ವೈಟ್‌ಫೀಲ್ಡ್‌ನಿಂದ ಸರ್ಜಾಪುರ, ಹೊಸಕೋಟೆಗಳ ಕಡೆಗೆ, ಪೀಣ್ಯದಿಂದ ನೆಲಮಂಗಲ, ಮಾಗಡಿಗಳ ಕಡೆಗೆ ಹೊರಟರೆ ಅರ್ಧ ಗಂಟೆಯಲ್ಲಿ ಹೊಲಗದ್ದೆಗಳ ಸೀಮೆ ಎದುರಾಗುತ್ತದೆ. ಒಂದು ಕಡೆ ವಾರವಿಡೀ ಗಣಕಯಂತ್ರದ ಮುಂದೆ ಕುಳಿತು ದಣಿದ, ಕೈಯಲ್ಲಿ ಹಣವುಳ್ಳ ಯುವಜನ. ಇನ್ನೊಂದು ಕಡೆ ಕೊಯ್ಲು ಮುಗಿದು ಮುಂದಿನ ಮಳೆಯವರೆಗೆ ಖಾಲಿ ಬಿದ್ದಂತೆ ಕಾಣುವ ಹೊಲ. ಇವೆರಡನ್ನೂ ಕೂಡಿಸಿದರೆ ಒಂದು ವ್ಯಾಪಾರವಾಗುತ್ತದೆ ಎಂಬ ಆಲೋಚನೆ ಉದ್ಯಮಶೀಲರಿಗೆ ಬರುವುದು ಸಹಜ. ಎಟಿವಿ ಎಂದು ಕರೆಯಲ್ಪಡುವ ವಾಹನದ ಸವಾರಿ ಹೀಗೆ ಹುಟ್ಟಿಕೊಂಡಿರುವ ವ್ಯಾಪಾರಗಳಲ್ಲಿ ಒಂದು.

ಈ ವ್ಯಾಪಾರದ ಮೂಲದಲ್ಲಿ ಒಂದು ತಪ್ಪು ಗ್ರಹಿಕೆ ಇದೆ. ಕೊಯ್ಲಾದ ಹೊಲ ನಿರುಪಯುಕ್ತ ಆಸ್ತಿ, ಅದರಿಂದ ಬಂದಷ್ಟೂ ಲಾಭವೇ ಎಂಬುದು ಆ ಗ್ರಹಿಕೆ. ವಾಸ್ತವದಲ್ಲಿ ಆ ಹೊಲದ ಮೇಲೆ ಬೆಳೆಯ ಹಕ್ಕಿದೆ, ಕಾನೂನಿನ ಹಕ್ಕಿದೆ, ತೆರಿಗೆಯ ಹಕ್ಕೂ ಇದೆ. ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಚಿತ್ರ ಹೇಗೆ ಬದಲಾಗುತ್ತದೆ ಎಂಬುದನ್ನು ಸವಾರಿ ನಡೆಸಲು ಬಯಸುವವರು, ಭೂಮಿ ಕೊಡುವವರು, ನೌಕರರನ್ನು ಕರೆದೊಯ್ಯುವ ಕಂಪನಿಗಳು ಹಾಗೂ ಬಿಡಿಭಾಗ ತಯಾರಿಸುವ ಸಣ್ಣ ಕೈಗಾರಿಕೆಗಳು, ಈ ನಾಲ್ಕೂ ವರ್ಗದ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ವಾಹನದ ಪರಿಚಯ

ಎಟಿವಿ ಎಂದರೆ ಎಲ್ಲ ಬಗೆಯ ನೆಲದ ಮೇಲೂ ಓಡಬಲ್ಲ ವಾಹನ. ಬೈಕಿನಂತೆ ಕಾಲು ಚಾಚಿ ಕೂರುವ ಸೀಟು, ಹಿಡಿ, ದಪ್ಪನೆಯ ನಾಲ್ಕು ಟಯರುಗಳು ಇದರ ಗುರುತು. ಕ್ವಾಡ್ ಬೈಕ್ ಎಂಬ ಹೆಸರೂ ಬಳಕೆಯಲ್ಲಿದೆ. ಜಪಾನಿನ ಹೋಂಡಾ ಕಂಪನಿ 1970ರಲ್ಲಿ ಮೂರು ಚಕ್ರದ ಮಾದರಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. 1980ರ ದಶಕದ ಆರಂಭದಲ್ಲಿ ಸುಜುಕಿ ನಾಲ್ಕು ಚಕ್ರದ ಮಾದರಿಯನ್ನು ಪರಿಚಯಿಸಿತು. ಮೂರು ಚಕ್ರದ ಮಾದರಿಗಳಲ್ಲಿ ಅಪಘಾತಗಳು ಹೆಚ್ಚಿದ್ದರಿಂದ 1988ರಲ್ಲಿ ಅಮೆರಿಕದ ಸರ್ಕಾರ ಮತ್ತು ತಯಾರಕರ ನಡುವೆ ನ್ಯಾಯಾಲಯದ ಮೂಲಕ ಒಪ್ಪಂದವಾಗಿ ಅವುಗಳ ಮಾರಾಟ ನಿಂತಿತು. ಭಾರತದಲ್ಲಿ ಅಮೆರಿಕದ ಪೋಲಾರಿಸ್ ಕಂಪನಿ 2011ರಲ್ಲಿ ವಹಿವಾಟು ಆರಂಭಿಸಿದ ಬಳಿಕ ಈ ವಾಹನ ಹೆಚ್ಚು ಪ್ರಚಾರ ಪಡೆಯಿತು.

ಪರದೇಶಗಳಲ್ಲಿ ಇದು ಮೊದಲಿಗೆ ಕೆಲಸದ ವಾಹನ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ರೈತರು ಕುರಿ ಕಾಯಲು, ಬೇಲಿ ನೋಡಲು, ಔಷಧ ಸಿಂಪಡಿಸಲು ಇದನ್ನು ಬಳಸುತ್ತಾರೆ. ನಮ್ಮಲ್ಲಿ ಮಾತ್ರ ಇದು ಬಹುತೇಕ ವಿನೋದದ ವಾಹನವಾಗಿಯೇ ಬಂದಿತು. ಈ ವ್ಯತ್ಯಾಸದ ಆರ್ಥಿಕ ಪರಿಣಾಮವನ್ನು ಮುಂದೆ ಅಂಕಿಗಳಲ್ಲೇ ಕಾಣಬಹುದು.

ಕೊಯ್ಲಾದ ಹೊಲ ಬರಿದಾದ ಹೊಲವಲ್ಲ

ಬೆಂಗಳೂರು ಸುತ್ತಿನ ಕೆಂಪು ನೆಲದಲ್ಲಿ ಮಳೆಯಾಶ್ರಿತ ರಾಗಿಯನ್ನು ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ ಬಿತ್ತಿ ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಯುತ್ತಾರೆ. ರಾಗಿಯ ಜೊತೆಗೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳಗಳನ್ನು ಹಾಕುವುದು ಇಲ್ಲಿಯ ಹಳೆಯ ಪದ್ಧತಿ. ರಾಗಿ ಕೊಯ್ದ ನಂತರವೂ ಅವರೆ ಹೊಲದಲ್ಲೇ ಉಳಿದು, ಚಳಿಗೆ ಹೂಬಿಟ್ಟು ಡಿಸೆಂಬರ್-ಜನವರಿಯಲ್ಲಿ ಕಾಯಿ ಕೊಡುತ್ತದೆ. ಸೊಗಡಿನ ಅವರೆಕಾಯಿಗೆ ನಗರದಲ್ಲಿ ಒಳ್ಳೆಯ ಬೆಲೆ ಸಿಗುವುದು ಎಲ್ಲರಿಗೂ ತಿಳಿದದ್ದೇ. ರಸ್ತೆಯಿಂದ ನೋಡುವವನಿಗೆ ಕೊಯ್ಲಾದ ಹೊಲವೆಂದು ಕಾಣುವುದರಲ್ಲಿ ರೈತನ ಎರಡನೆಯ ಫಸಲು ನಿಂತಿರುತ್ತದೆ.

ಅವರೆಯೂ ಮುಗಿದ ಮೇಲೆ ಕೂಳೆಯನ್ನು ದನ, ಕುರಿ ಮೇಯುತ್ತವೆ. ಕೆಲವರು ಕುರಿ ಮಂದೆ ಕಟ್ಟಿಸಿ ಹೊಲಕ್ಕೆ ಗೊಬ್ಬರ ಪಡೆಯುತ್ತಾರೆ. ಮಾಗಿ ಉಳುಮೆ ಮಾಡಿದ ಹೊಲ ಬೇಸಿಗೆಯ ಮೊದಲ ಮಳೆಯನ್ನು ಚೆನ್ನಾಗಿ ಹೀರುತ್ತದೆ, ಮಣ್ಣಿನೊಳಗಿನ ಕೀಟದ ಕೋಶಗಳು ಬಿಸಿಲಿಗೆ ಬಿದ್ದು ನಾಶವಾಗುತ್ತವೆ. ಸವಾರಿಗಾಗಿ ಹೊಲವನ್ನು ಮಾರ್ಚ್ ಕೊನೆಯವರೆಗೆ ಹಾಗೆಯೇ ಬಿಟ್ಟರೆ ಈ ಉಳುಮೆ ತಪ್ಪುತ್ತದೆ.

ಎಟಿವಿಯ ಟಯರಿನಲ್ಲಿ ಗಾಳಿಯ ಒತ್ತಡ ಕಾರಿಗಿಂತ ಬಹಳ ಕಡಿಮೆ. ಆದ್ದರಿಂದ ಒಂದು ಬಾರಿ ಓಡಿದರೆ ಟ್ರ್ಯಾಕ್ಟರಿನಷ್ಟು ಮಣ್ಣು ಗಟ್ಟಿಯಾಗುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಸವಾರಿಯ ಹಾದಿಯಲ್ಲಿ ಅದು ಒಂದು ಬಾರಿ ಓಡುವುದಿಲ್ಲ. ಅದೇ ಗೆರೆಯಲ್ಲಿ ನೂರಾರು ಬಾರಿ ಓಡುತ್ತದೆ. ತಿರುವುಗಳಲ್ಲಿ ಹಿಂದಿನ ಚಕ್ರ ಜಾರಿ ಮೇಲ್ಮಣ್ಣನ್ನು ಕೆರೆದು ಎರಚುತ್ತದೆ. ಬದುಗಳನ್ನು ಹತ್ತಿಳಿಯುವುದೇ ಸವಾರರಿಗೆ ಮೋಜು. ಆದರೆ ಮಳೆನೀರನ್ನು ಹೊಲದಲ್ಲೇ ನಿಲ್ಲಿಸುವುದು ಆ ಬದು. ಅದು ಒಂದೆಡೆ ಮುರಿದರೂ ಮುಂಗಾರಿನಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ಇನ್ನು ಧೂಳಿನ ವಿಚಾರ. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ ಧೂಳು ಕೂತ ಸೊಪ್ಪು ರೇಷ್ಮೆಹುಳುವಿಗೆ ಆಗುವುದಿಲ್ಲ. ಆನೇಕಲ್, ಕನಕಪುರ, ದೇವನಹಳ್ಳಿ ಭಾಗಗಳಲ್ಲಿ ಇದು ನೆರೆಹೊರೆಯ ವ್ಯಾಜ್ಯಕ್ಕೆ ಸಾಕಾದ ಕಾರಣ.

ಅಳತೆಯನ್ನೂ ಗಮನಿಸೋಣ. 500 ಮೀಟರ್ ಉದ್ದ, 3 ಮೀಟರ್ ಅಗಲದ ಹಾದಿ ಎಂದರೆ 1,500 ಚದರ ಮೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್ ಆದ್ದರಿಂದ ಇದು ಸುಮಾರು 15 ಗುಂಟೆ. 40 ಗುಂಟೆಯ ಒಂದು ಎಕರೆ ಹೊಲದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲ ತುಳಿತಕ್ಕೆ ಸಿಕ್ಕಿತು ಎಂದಾಯಿತು.

ಭೂಮಿಗೆ ಸಂಬಂಧಿಸಿದ ಕಾನೂನು

ಹೊಲವನ್ನು ಮೂರು ತಿಂಗಳಿಗೆ ಗುತ್ತಿಗೆ ಪಡೆಯುತ್ತೇನೆ ಎಂದು ಉದ್ಯಮಿ ಸುಲಭವಾಗಿ ಹೇಳುತ್ತಾನೆ. ಕರ್ನಾಟಕ ಭೂಸುಧಾರಣಾ ಕಾಯಿದೆ, 1961ರ 5ನೆಯ ಕಲಮು, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಸೈನಿಕರು ಮತ್ತು ನಾವಿಕರಿಗೆ ಸಂಬಂಧಿಸಿದ ವಿನಾಯಿತಿಯಂಥವನ್ನು ಬಿಟ್ಟರೆ ಕೃಷಿ ಭೂಮಿಯನ್ನು ಯಾವುದೇ ಅವಧಿಗೆ ಗೇಣಿಗೆ ಅಥವಾ ಗುತ್ತಿಗೆಗೆ ಕೊಡುವುದನ್ನು ನಿಷೇಧಿಸಿದೆ. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಆದರೆ ಆ ತಿದ್ದುಪಡಿ 79ಎ, 79ಬಿ ಮೊದಲಾದ ಕಲಮುಗಳನ್ನು ಕೈಬಿಟ್ಟಿತೇ ಹೊರತು ಗೇಣಿಯ ನಿಷೇಧವನ್ನು ತೆಗೆಯಲಿಲ್ಲ. ಎರಡನ್ನೂ ಒಂದೇ ಎಂದು ಭಾವಿಸಿರುವವರು ಅನೇಕರಿದ್ದಾರೆ.

ಕರಾರಿಗೆ ಗುತ್ತಿಗೆಯ ಬದಲು ಅನುಮತಿ ಪತ್ರ ಎಂಬ ಹೆಸರಿಟ್ಟರೆ ಸಾಕೇ? ಸಾಲದು. ದಾಖಲೆಯ ಹೆಸರಿಗಿಂತ ಅದರ ಒಳತಿರುಳು ಮುಖ್ಯ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1959ರಲ್ಲೇ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸ್ವಾಧೀನ ಬಿಟ್ಟುಕೊಟ್ಟು, ಬೇಲಿ ಹಾಕಿಸಿ, ಮಾಲೀಕನನ್ನೇ ಹೊರಗಿಡುವ ಕರಾರು ಯಾವ ಹೆಸರಿನಲ್ಲಿದ್ದರೂ ಗುತ್ತಿಗೆಯೇ.

ಎರಡನೆಯದು ಭೂಪರಿವರ್ತನೆ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 95ನೆಯ ಕಲಮಿನಂತೆ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಅನುಮತಿಯಿಲ್ಲದೆ ಬಳಸಿದರೆ 96ನೆಯ ಕಲಮಿನಲ್ಲಿ ದಂಡನೆ ಇದೆ. ಆಗೊಮ್ಮೆ ಈಗೊಮ್ಮೆ ಗೆಳೆಯರು ಸವಾರಿ ಮಾಡುವುದಕ್ಕೂ, ಟಿಕೆಟ್ ಕೌಂಟರ್ ಇಟ್ಟು ವಾರವಾರ ವ್ಯಾಪಾರ ನಡೆಸುವುದಕ್ಕೂ ಇರುವ ವ್ಯತ್ಯಾಸವನ್ನು ಕಂದಾಯ ಅಧಿಕಾರಿಗಳು ಕಾಣದೆ ಇರುವುದಿಲ್ಲ.

ಮೂರನೆಯದಾಗಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯಾದರೆ 1978ರ ಪಿಟಿಸಿಎಲ್ ಕಾಯಿದೆ ಅನ್ವಯಿಸುತ್ತದೆ. ಆ ಕಾಯಿದೆಯಲ್ಲಿ ವರ್ಗಾವಣೆ ಎಂಬ ಪದದೊಳಗೆ ಗುತ್ತಿಗೆಯೂ ಸೇರಿದೆ. ಪಹಣಿಯ ಜೊತೆಗೆ ಮಂಜೂರಾತಿಯ ಮೂಲ ದಾಖಲೆಯನ್ನೂ ನೋಡದೆ ಮುಂಗಡ ಕೊಡಬಾರದು. ಹೊಲದಿಂದ ಹೊಲಕ್ಕೆ ಹಾದಿ ಜೋಡಿಸುವಾಗ ನಡುವೆ ಬರುವ ಬಂಡಿದಾರಿ, ಗೋಮಾಳ, ಕೆರೆ ಅಂಗಳಗಳು ಯಾರ ಖಾಸಗಿ ಸ್ವತ್ತೂ ಅಲ್ಲವೆಂಬುದನ್ನೂ ಮರೆಯಬಾರದು.

ಇದು ಮೋಟಾರು ವಾಹನವೇ?

ಮೋಟಾರು ವಾಹನಗಳ ಕಾಯಿದೆ, 1988ರ 2(28)ನೆಯ ಕಲಮಿನಂತೆ ರಸ್ತೆಯ ಬಳಕೆಗೆ ಹೊಂದುವ ಯಂತ್ರಚಾಲಿತ ವಾಹನ ಮೋಟಾರು ವಾಹನ. ಕಾರ್ಖಾನೆಯಲ್ಲಿ ಅಥವಾ ಆವರಣವುಳ್ಳ ಸ್ಥಳದಲ್ಲಿ ಮಾತ್ರ ಬಳಸಲು ರೂಪಿಸಿದ ವಿಶೇಷ ಬಗೆಯ ವಾಹನಕ್ಕೆ ವಿನಾಯಿತಿ ಇದೆ. ಎಟಿವಿ ಮಾರುವವರು ಈ ವಿನಾಯಿತಿಯನ್ನೇ ತೋರಿಸುತ್ತಾರೆ. ಆದರೆ ನ್ಯಾಯಾಲಯಗಳು ಈ ವ್ಯಾಖ್ಯೆಯನ್ನು ವಿಶಾಲವಾಗಿಯೇ ಓದಿವೆ. ಗಣಿಯೊಳಗೆ ಓಡುವ ಡಂಪರುಗಳನ್ನು 1992ರಲ್ಲಿ, ಉತ್ತರ ಭಾರತದ ಹಳ್ಳಿಗಳಲ್ಲಿ ನೀರೆತ್ತುವ ಪಂಪಿನ ಎಂಜಿನ್ ಜೋಡಿಸಿ ಮಾಡುವ ಜುಗಾಡ್ ಬಂಡಿಯನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವ್ಯಾಖ್ಯೆಯ ಒಳಗೆ ತಂದಿತು. ಬೇಲಿಯೇ ಇಲ್ಲದ ಹೊಲವನ್ನು ಆವರಣವುಳ್ಳ ಸ್ಥಳ ಎನ್ನುವುದು ಕಷ್ಟ.

ಮೋಟಾರು ವಾಹನ ಎಂದಾದರೆ 39ನೆಯ ಕಲಮಿನಂತೆ ನೋಂದಣಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ಓಡಿಸುವಂತಿಲ್ಲ. ಯಾವ ವಾದವನ್ನು ಹಿಡಿದರೂ, ನೋಂದಣಿಯಿಲ್ಲದ ಎಟಿವಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗಲು ಊರಿನ ರಸ್ತೆಯನ್ನು ಹತ್ತು ಅಡಿ ದಾಟಿದರೂ ಅಪರಾಧವೇ. ಅಪ್ರಾಪ್ತ ವಯಸ್ಕರು ಓಡಿಸಿದರೆ 2019ರ ತಿದ್ದುಪಡಿಯಿಂದ ಬಂದ 199ಎ ಕಲಮಿನಂತೆ ಪೋಷಕರ ಜೊತೆಗೆ ವಾಹನದ ಮಾಲೀಕನೂ ಹೊಣೆಯಾಗಬೇಕಾಗುತ್ತದೆ.

ಸವಾರಿ ನಡೆಸುವವರ ತೆರಿಗೆ

ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮನರಂಜನಾ ಪಾರ್ಕು, ಗೋ-ಕಾರ್ಟಿಂಗ್ ಮುಂತಾದವುಗಳ ಪ್ರವೇಶ ಸೇವೆಯ ದರವನ್ನು 2018ರ ಜನವರಿ 25ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಎಟಿವಿ ಸವಾರಿಯ ಶುಲ್ಕಕ್ಕೂ ಶೇ. 18 ಎಂದು ಲೆಕ್ಕ ಹಾಕುವುದು ಕ್ಷೇಮ.

ವಾಹನ ಕೊಂಡಾಗ ತೆತ್ತ ತೆರಿಗೆಯನ್ನು ಜಮೆಗೆ ತೆಗೆದುಕೊಳ್ಳಬಹುದೇ ಎಂಬುದು ಸೂಕ್ಷ್ಮ ಪ್ರಶ್ನೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮು, 13ಕ್ಕಿಂತ ಹೆಚ್ಚು ಸೀಟುಗಳಿಲ್ಲದ ಪ್ರಯಾಣಿಕ ಮೋಟಾರು ವಾಹನಗಳ ಮೇಲಿನ ಜಮೆಯನ್ನು ಕೆಲವು ವಿನಾಯಿತಿಗಳನ್ನು ಬಿಟ್ಟು ತಡೆಯುತ್ತದೆ. ಮೋಟಾರು ವಾಹನ ಎಂದರೇನು ಎಂಬುದಕ್ಕೆ ಆ ಕಾಯಿದೆ 1988ರ ಕಾಯಿದೆಯ ವ್ಯಾಖ್ಯೆಯನ್ನೇ ಎರವಲು ಪಡೆದಿದೆ. ಆದ್ದರಿಂದ ಸಾರಿಗೆ ಇಲಾಖೆಯ ಮುಂದೆ ಇದು ಮೋಟಾರು ವಾಹನವಲ್ಲ, ನೋಂದಣಿ ಬೇಡ ಎಂದವನು ತೆರಿಗೆ ಇಲಾಖೆಯ ಮುಂದೆಯೂ ಅದನ್ನೇ ಹೇಳಬೇಕು. ಕಚೇರಿಗೊಂದು ನಾಲಿಗೆ ಇಟ್ಟುಕೊಂಡರೆ ಎರಡೂ ಕಡೆ ಸಿಕ್ಕಿಬೀಳುವುದು ಖಂಡಿತ.

ನೋಂದಾಯಿತ ಉದ್ಯಮಿ ನೋಂದಣಿಯಿಲ್ಲದ ರೈತನಿಗೆ ಇಂತಹ ವಾಣಿಜ್ಯ ಬಳಕೆಗಾಗಿ ಬಾಡಿಗೆ ಕೊಟ್ಟರೆ, 2024ರ ಅಕ್ಟೋಬರ್ 10ರಿಂದ ಜಾರಿಯಲ್ಲಿರುವ ನಿಯಮದಂತೆ ಆ ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನು ಪಡೆಯುವವನ ಬದಲು ಕೊಡುವವನೇ ಕಟ್ಟಬೇಕು. ಕೃಷಿಗಾಗಿ ಖಾಲಿ ಭೂಮಿ ಬಾಡಿಗೆಗೆ ಕೊಟ್ಟಾಗ ಇರುವ ವಿನಾಯಿತಿ ಇಲ್ಲಿ ದೊರೆಯದು. ಬಾಡಿಗೆ ತಿಂಗಳಿಗೆ 50,000 ರೂ. ಮೀರಿದರೆ ಕಂಪನಿಗಳು ಮತ್ತು ನಿಗದಿತ ವಹಿವಾಟಿನ ಇತರರು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಾಗುತ್ತದೆ. ಇನ್ನು ಸವಕಳಿ: ಯಂತ್ರಸ್ಥಾವರಕ್ಕೆ ಸಾಮಾನ್ಯ ದರ ಶೇ. 15. ಆದರೆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಅದರ ಅರ್ಧ ಮಾತ್ರ. ಕೊಯ್ಲು ನೋಡಿಕೊಂಡು ಡಿಸೆಂಬರ್‌ನಲ್ಲಿ ಕೊಂಡ ವಾಹನಕ್ಕೆ ಮೊದಲ ವರ್ಷ ಶೇ. 7.5 ಅಷ್ಟೇ ಸಿಗುತ್ತದೆ.

ಭೂಮಾಲೀಕನ ತೆರಿಗೆ: ನಿಜವಾದ ಅಪಾಯ ಇಲ್ಲಿದೆ

ಹೊಲದಿಂದ ಬಂದ ಹಣವೆಲ್ಲ ಕೃಷಿ ಆದಾಯ, ಅದಕ್ಕೆ ತೆರಿಗೆಯಿಲ್ಲ ಎಂಬ ನಂಬಿಕೆ ಬಹಳ ಗಟ್ಟಿ. ಕೃಷಿ ಆದಾಯವೆನಿಸಬೇಕಾದರೆ ಉಳುಮೆ, ಬಿತ್ತನೆಗಳಂತಹ ಮೂಲ ಕೃಷಿ ಕ್ರಿಯೆಗಳು ಅದರ ಹಿಂದೆ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಹೇಳಿತು. ಸವಾರಿಯ ಬಾಡಿಗೆ ಆ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ; ಅದು ತೆರಿಗೆಗೆ ಒಳಪಡುವ ಆದಾಯ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅಂಗೀಕೃತವಾದ 2025ರ ಆದಾಯ ತೆರಿಗೆ ಕಾಯಿದೆಯೂ ಈ ತತ್ತ್ವವನ್ನು ಬದಲಿಸಿಲ್ಲ.

ಬಾಡಿಗೆಯ ಮೇಲಿನ ತೆರಿಗೆ ದೊಡ್ಡದಲ್ಲ. ದೊಡ್ಡದಿರುವುದು ಬಂಡವಾಳ ಲಾಭದ ವಿನಾಯಿತಿ. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದ ಗಡಿಯಿಂದ ನೇರ ಅಳತೆಯಲ್ಲಿ 8 ಕಿ.ಮೀ. ಒಳಗಿನ ಕೃಷಿ ಭೂಮಿ ಬಂಡವಾಳ ಆಸ್ತಿ ಎನಿಸುತ್ತದೆ. ಇದಲ್ಲದೆ ಹೆಬ್ಬಗೋಡಿ, ಚಂದಾಪುರ, ಅತ್ತಿಬೆಲೆ, ಆನೇಕಲ್‌ಗಳಲ್ಲಿ ಪ್ರತ್ಯೇಕ ಪುರಸಭೆ, ನಗರಸಭೆಗಳಿವೆ. ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಈ ಅಳತೆಯಿಂದ ಹೊರಗುಳಿಯುವ ಹೊಲ ವಿರಳ. ಇಂತಹ ಭೂಮಿ ಮಾರಿದ ರೈತನಿಗೆ 1961ರ ಕಾಯಿದೆಯ 54ಬಿ ಕಲಮು ಆಸರೆಯಾಗಿತ್ತು. ಹೊಸ ಕಾಯಿದೆಯಲ್ಲೂ ಆ ಸೌಲಭ್ಯ ಬೇರೆ ಕಲಮು ಸಂಖ್ಯೆಯಲ್ಲಿ ಮುಂದುವರಿದಿದೆ. ಲಾಭವನ್ನು ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿಯಲ್ಲಿ ತೊಡಗಿಸಿದರೆ ತೆರಿಗೆಯಿಲ್ಲ. ಆದರೆ ಮಾರಾಟಕ್ಕೆ ಹಿಂದಿನ ಎರಡು ವರ್ಷ ಆ ಭೂಮಿಯನ್ನು ಕೃಷಿಗೆ ಬಳಸಿರಬೇಕೆಂಬುದು ಷರತ್ತು. ಕಡ್ಡಾಯ ಭೂಸ್ವಾಧೀನದ ಪರಿಹಾರಕ್ಕೆ ವಿನಾಯಿತಿ ನೀಡುವ 10(37)ನೆಯ ಕಲಮಿನಲ್ಲೂ ಇದೇ ಬಗೆಯ ಷರತ್ತು ಇತ್ತು.

ಊಹೆಯ ಒಂದು ಉದಾಹರಣೆ ನೋಡೋಣ. ಒಂದು ಎಕರೆ ಮಾರಿ 1.5 ಕೋಟಿ ರೂ. ಬಂಡವಾಳ ಲಾಭ ಬಂದಿತು ಎನ್ನೋಣ. 2024ರ ಜುಲೈ 23ರಿಂದ ಇರುವ ಶೇ. 12.5ರ ದರದಲ್ಲಿ, ಸೂಚ್ಯಂಕದ ಆಯ್ಕೆ ಹಾಗೂ ಮೇಲ್ತೆರಿಗೆಗಳನ್ನು ಬದಿಗಿಟ್ಟರೆ, ತೆರಿಗೆ 18.75 ಲಕ್ಷ ರೂ. ಸವಾರಿಗೆ ಕೊಟ್ಟ ಹೊಲಕ್ಕೆ ಋತುವಿಗೆ 30,000 ರೂ. ಬಾಡಿಗೆ ಬಂದಿದ್ದರೆ, ಈ ತೆರಿಗೆಯನ್ನು ತುಂಬಲು 62 ವರ್ಷಗಳ ಬಾಡಿಗೆಯೂ ಸಾಲದು.

ಎರಡು ಬೆಳೆಗಳ ನಡುವೆ ಎರಡು ತಿಂಗಳು ಸವಾರಿ ನಡೆದ ಮಾತ್ರಕ್ಕೆ ಕೃಷಿ ಬಳಕೆ ಅಳಿದುಹೋಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ವಿನಾಯಿತಿ ಕೇಳುವವನೇ ಅದನ್ನು ರುಜುವಾತುಪಡಿಸಬೇಕು. ಟಿಕೆಟ್ ದರದ ಫಲಕವಿರುವ ಹೊಲದ ಚಿತ್ರ ತೆರಿಗೆ ಅಧಿಕಾರಿಯ ಮೇಜಿನ ಮೇಲಿದ್ದು, ರೈತನ ಕೈಯಲ್ಲಿ ಏನೂ ಇಲ್ಲದಿದ್ದರೆ ವಾದ ಕಷ್ಟವಾಗುತ್ತದೆ. ಆದ್ದರಿಂದ ಪ್ರತಿ ವರ್ಷ ಪಹಣಿಯ ಬೆಳೆ ಕಾಲಂ ಸರಿಯಾಗಿ ನಮೂದಾಗಿರುವಂತೆ ನೋಡಿಕೊಳ್ಳಬೇಕು. ಬೀಜ-ಗೊಬ್ಬರದ ರಸೀತಿ, ರಾಗಿ ಮಾರಿದ ಚೀಟಿ, ಬೆಳೆ ನಿಂತ ಹೊಲದ ದಿನಾಂಕಸಹಿತ ಚಿತ್ರಗಳನ್ನು ಕಾಪಾಡಬೇಕು. ಭೂಮಿ ಮಾರುವ ಆಲೋಚನೆ ಇರುವವರು ಅಥವಾ ಸ್ವಾಧೀನದ ಅಧಿಸೂಚನೆಯ ಸುದ್ದಿ ಕೇಳಿರುವವರು ಈ ವ್ಯಾಪಾರದಿಂದ ದೂರವಿರುವುದೇ ಲೇಸು.

ಒಂದು ಋತುವಿನ ಜಮಾ-ಖರ್ಚು

ಅವರೆ ಮುಗಿದ ಜನವರಿ ಮೊದಲ್ಗೊಂಡು ಮಾರ್ಚ್ ಕೊನೆಯವರೆಗೆ ಶನಿವಾರ, ಭಾನುವಾರಗಳು ಒಟ್ಟು ಸುಮಾರು 26 ದಿನ. ತಲಾ 4 ಲಕ್ಷ ರೂ. ಬೆಲೆಯ ಎರಡು ವಾಹನ, 15 ನಿಮಿಷದ ಸವಾರಿಗೆ 500 ರೂ., ಒಂದು ವಾಹನಕ್ಕೆ ದಿನಕ್ಕೆ ಸರಾಸರಿ 8 ಸವಾರಿ ಎಂದು ಭಾವಿಸೋಣ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಅಂಕಿಗಳನ್ನು ಇಟ್ಟು ನೋಡಬಹುದು.

ಸವಾರಿಗಳು 416, ಆದಾಯ 2,08,000 ರೂ.

ಖರ್ಚುಗಳು:
ಪೆಟ್ರೋಲ್, ಸವಾರಿಗೆ 60 ರೂ.ನಂತೆ: 24,960 ರೂ.
ಇಬ್ಬರು ನೌಕರರು, 26 ದಿನ, ದಿನಕ್ಕೆ ತಲಾ 1,000 ರೂ.: 52,000 ರೂ.
ಹೆಲ್ಮೆಟ್, ಬಿಡಿಭಾಗ, ರಿಪೇರಿ: 30,000 ರೂ.
ವಿಮೆ: 20,000 ರೂ.
ಭೂಮಿಗೆ: 30,000 ರೂ.
ಮೇಲಿನವುಗಳ ಮೊತ್ತ: 1,56,960 ರೂ.

ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ 51,040 ರೂ. ಲಾಭ ಕಾಣುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಇದಕ್ಕೆ ವಾಹನದ ಸವಕಳಿ ಶೇ. 15ರಂತೆ 1,20,000 ರೂ., ಬಂಡವಾಳದ ಬಡ್ಡಿ ಶೇ. 10ರಂತೆ 80,000 ರೂ., ಉಳುಮೆ ಮತ್ತು ಬದು ದುರಸ್ತಿಗೆ 12,000 ರೂ. ಸೇರಿಸಿದರೆ ಒಟ್ಟು ಖರ್ಚು 3,68,960 ರೂ. ಆಗಿ, 1,60,960 ರೂ. ನಷ್ಟವಾಗುತ್ತದೆ.

ನಷ್ಟವಿಲ್ಲದೆ ಸರಿದೂಗಲು ಎಷ್ಟು ಸವಾರಿ ಬೇಕು? ಪೆಟ್ರೋಲ್ ಕಳೆದು ಒಂದು ಸವಾರಿಗೆ ಉಳಿಯುವುದು 440 ರೂ.; ಸ್ಥಿರ ಖರ್ಚು 3,44,000 ರೂ.; ಭಾಗಿಸಿದರೆ 782 ಸವಾರಿ. ಅಂದರೆ ಒಂದು ವಾಹನಕ್ಕೆ ದಿನಕ್ಕೆ 15. ಬಿಸಿಲು ಬಿಟ್ಟು ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಓಡಿಸಿದರೆ ಗಡಿಯಾರದ ಲೆಕ್ಕದಲ್ಲಿ ಆಗುವುದೇ 16. ಹತ್ತಿಸಿ ಇಳಿಸುವ, ತಿಳಿವಳಿಕೆ ಹೇಳುವ ಹೊತ್ತನ್ನು ಕಳೆದರೆ 15 ಮುಟ್ಟುವುದು ಅಸಾಧ್ಯವೆಂದೇ ಹೇಳಬೇಕು. ಮುಟ್ಟಲು ಹೊರಟರೆ ಕಡಿತವಾಗುವುದು ಸುರಕ್ಷತೆಯ ಹೊತ್ತು.

ಈಗ ಇದೇ ವಾಹನ ಉಳಿದ ಒಂಬತ್ತು ತಿಂಗಳು ತೋಟದಲ್ಲಿ ಮೇವು, ಗೊಬ್ಬರ ಸಾಗಿಸಲು ಅಥವಾ ದೊಡ್ಡ ಕಾರ್ಖಾನೆಯ ಆವರಣದೊಳಗೆ ಸಾಮಾನು ಎಳೆಯಲು ದುಡಿದರೆ, ಸವಕಳಿ ಹಾಗೂ ಬಡ್ಡಿಯ 2,00,000 ರೂ.ಗಳಲ್ಲಿ ಸವಾರಿಯ ಪಾಲು ಕಾಲು ಭಾಗ, ಅಂದರೆ 50,000 ರೂ. ಮಾತ್ರ. ಆಗ ಸ್ಥಿರ ಖರ್ಚು 1,94,000 ರೂ.ಗೆ ಇಳಿದು, 441 ಸವಾರಿಗೆ ಲೆಕ್ಕ ಸರಿದೂಗುತ್ತದೆ. ಒಂದು ವಾಹನಕ್ಕೆ ದಿನಕ್ಕೆ ಎಂಟೂವರೆ. ಕೇವಲ ಮೂರು ತಿಂಗಳ ವಿನೋದಕ್ಕೆಂದು ಕೊಂಡ ವಾಹನ ಭಾರ. ವರ್ಷವಿಡೀ ದುಡಿಯುವ ವಾಹನಕ್ಕೆ ವಿನೋದ ಉಪಕಸುಬಾದೀತು. ಆಸ್ಟ್ರೇಲಿಯಾದ ರೈತನಿಗೂ ನಮ್ಮ ಉದ್ಯಮಿಗೂ ಇರುವ ವ್ಯತ್ಯಾಸವೆಂದು ಮೊದಲು ಹೇಳಿದ್ದು ಇದನ್ನೇ.

ಅಪಘಾತ ಮತ್ತು ಹೊಣೆ

ಎಟಿವಿ ಎತ್ತರ, ಅಗಲ ಕಡಿಮೆ. ಇಳಿಜಾರಿನಲ್ಲಿ, ಬದುವಿನ ಮೇಲೆ, ವೇಗದ ತಿರುವಿನಲ್ಲಿ ಅದು ಮಗುಚಿ ಸವಾರನ ಮೇಲೆಯೇ ಬೀಳುವ ಸಂಭವವಿದೆ. ವಾಹನದ ತೂಕವೇ ಅಲ್ಲಿ ಮಾರಕ. ಆಸ್ಟ್ರೇಲಿಯಾ ಸರ್ಕಾರ 2021ರ ಅಕ್ಟೋಬರ್‌ನಿಂದ ಸಾಮಾನ್ಯ ಬಳಕೆಯ ಹೊಸ ಕ್ವಾಡ್ ಬೈಕುಗಳಿಗೆ, ಮಗುಚಿದಾಗ ಸವಾರ ಅಡಿಯಲ್ಲಿ ಸಿಲುಕದಂತೆ ತಡೆಯುವ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ದೊಡ್ಡವರ ಎಟಿವಿಯನ್ನು 16 ವರ್ಷಕ್ಕಿಂತ ಕಿರಿಯರು ಓಡಿಸಬಾರದೆಂಬುದು ಸ್ಥಿರವಾದ ಎಚ್ಚರಿಕೆ.

ಸವಾರಿಗೆ ಮೊದಲು ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಪಡೆಯುವ ವಾಡಿಕೆ ಇದೆ. ಆ ಕಾಗದವನ್ನೇ ನಂಬಿ ಕೂರಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವೆಯ ನ್ಯೂನತೆ ರುಜುವಾತಾದರೆ ಪರಿಹಾರ ತಪ್ಪದು. ಅನ್ಯಾಯದ ಕರಾರನ್ನು ಪ್ರಶ್ನಿಸಲು ಅದೇ ಕಾಯಿದೆಯಲ್ಲಿ ಅವಕಾಶವಿದೆ. ಸಾಮಾನ್ಯ ವಾಹನ ವಿಮೆ ಈ ಬಳಕೆಗೆ ಅನ್ವಯಿಸುತ್ತದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಬೇಕು. ಮೂರನೆಯವರ ಗಾಯ, ಮರಣಗಳಿಗೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಕೇಂದ್ರ ಪ್ರವಾಸೋದ್ಯಮ ಕ್ಷೇತ್ರಕ್ಕಾಗಿ 2018ರಲ್ಲಿ ಹೊರಬಂದ ಸಾಹಸ ಪ್ರವಾಸದ ಮಾರ್ಗಸೂಚಿಯಲ್ಲಿ ಎಟಿವಿ ಸವಾರಿಗೂ ಪ್ರತ್ಯೇಕ ಭಾಗವಿದೆ. ಅದನ್ನು ಪಾಲಿಸಿದ ದಾಖಲೆಯೇ ವ್ಯಾಜ್ಯದ ದಿನ ನೆರವಿಗೆ ಬರುತ್ತದೆ.

ನೌಕರರನ್ನು ವಿಹಾರಕ್ಕೆ ಕರೆದೊಯ್ಯುವ ಕಂಪನಿಗಳಿಗೂ ಒಂದು ಮಾತು. ಕಂಪನಿಯೇ ಏರ್ಪಡಿಸಿದ ಕಾರ್ಯಕ್ರಮದಲ್ಲಿ ಆದ ಗಾಯ ಉದ್ಯೋಗದ ಸಂದರ್ಭದಲ್ಲಿ ಆದದ್ದೇ ಎಂಬ ಪ್ರಶ್ನೆ ಏಳಬಹುದು. ಹೋಗುವ ಸ್ಥಳದ ಭೂಪರಿವರ್ತನೆಯ ಆದೇಶ, ವಿಮಾ ಪತ್ರ, ತರಬೇತಿ ಪಡೆದ ಸಿಬ್ಬಂದಿ, ಈ ಮೂರನ್ನು ಕೇಳಿ ಪಡೆಯುವುದು ಮಾನವ ಸಂಪನ್ಮೂಲ ವಿಭಾಗದ ಕರ್ತವ್ಯವಾಗಬೇಕು.

ಪೀಣ್ಯದ ಉತ್ಪಾದಕರಿಗೆ

ರಕ್ಷಣಾ ಚೌಕಟ್ಟು, ಎಳೆಯುವ ಕೊಕ್ಕೆ, ಸಣ್ಣ ಟ್ರೈಲರ್, ಸಿಂಪಡಣೆಯ ಟ್ಯಾಂಕಿನ ಜೋಡಣೆ, ಇವೆಲ್ಲ ಪೈಪು ಬಗ್ಗಿಸಿ ಬೆಸುಗೆ ಹಾಕಬಲ್ಲ ನಮ್ಮ ಸಣ್ಣ ಘಟಕಗಳ ಕೈಗೆಟುಕುವ ವಸ್ತುಗಳು. ವಾಹನವನ್ನು ಕೆಲಸದ ವಾಹನವಾಗಿಸುವುದೂ ಇವೇ. ಆದರೆ ರಕ್ಷಣಾ ಚೌಕಟ್ಟನ್ನು ತಯಾರಿಸಿದವನು 2019ರ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ ಉತ್ಪಾದಕನಾಗುತ್ತಾನೆ. ವಿನ್ಯಾಸದ ನಕ್ಷೆ, ಲೋಹದ ಪರೀಕ್ಷಾ ವರದಿ, ಬಳಕೆಯ ಸೂಚನೆ ಇಲ್ಲದೆ ಗಿರಾಕಿ ಹೇಳಿದಂತೆ ಮಾಡಿಕೊಟ್ಟೆ ಎಂಬ ಉತ್ತರ ಅಲ್ಲಿ ನಡೆಯದು.

ಸಾರಾಂಶ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ನಿರಂತರವಾಗಿ ಸವಾರಿ ನಡೆಸಬೇಕೆನ್ನುವವರು ಪರಿವರ್ತಿತ ಭೂಮಿಯಲ್ಲಿ, ಬೇಲಿಯೊಳಗೆ, ಖಾಯಂ ಹಾದಿ ಮಾಡುವುದು ಸರಿಯಾದ ಕ್ರಮ. ಕೃಷಿಯನ್ನು ಉಳಿಸಿಕೊಳ್ಳುವ ರೈತನಿಗೆ ಎಟಿವಿ ಬೇಕಿದ್ದರೆ ಅದು ದುಡಿಮೆಯ ವಾಹನವಾಗಿಯೇ ಬರಲಿ. ಹೊಲವನ್ನು ಸವಾರಿಗೆ ಬಿಡುವ ಮುನ್ನ ಅವರೆ ಮುಗಿದಿದೆಯೇ, ಬದು ಉಳಿಯುವುದೇ, ನೆರೆಯವರು ಒಪ್ಪಿದ್ದಾರೆಯೇ, ಮಂಜೂರಾದ ಭೂಮಿಯೇ, ಮಾರಾಟ ಅಥವಾ ಸ್ವಾಧೀನ ಹತ್ತಿರವಿದೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬೇಕು. ಉದ್ಯಮಿಯ ಅಂದಾಜು ಪಟ್ಟಿಯಲ್ಲಿ ಸವಕಳಿ, ಬಡ್ಡಿ, ಹೊಲದ ದುರಸ್ತಿ ಈ ಮೂರು ಸಾಲುಗಳು ಇಲ್ಲದಿದ್ದರೆ ಆ ಪಟ್ಟಿಯನ್ನು ಹಿಂದಿರುಗಿಸಿ.

ಲೆಕ್ಕಪರಿಶೋಧಕರು ಆಸ್ತಿಯನ್ನು ನೋಡುವಾಗ ಅದರ ಮೇಲಿರುವ ಭಾರಗಳನ್ನೂ ನೋಡುತ್ತಾರೆ. ಹೊಲದ ಮೇಲಿನ ಭಾರಗಳಲ್ಲಿ ಕೆಲವು ಪಹಣಿಯಲ್ಲಿ ಕಾಣುವುದಿಲ್ಲ: ಮುಂದಿನ ಮಳೆ, ಮುಂದಿನ ಬಿತ್ತನೆ, ಮುಂದೆ ಅದನ್ನೇ ನಂಬಿ ನಿಲ್ಲುವ ಮಕ್ಕಳ ಪಾಲು. ಕರಾರಿನಲ್ಲಿ ಅವುಗಳಿಗೂ ಒಂದು ಷರತ್ತು ಬರೆದಿಡುವುದು ಎರಡೂ ಪಕ್ಷದವರಿಗೆ ಕ್ಷೇಮಕರ.